ಕೆಳಗೆ ಹಳೇ ಗಣಿ, ಮೇಲೆ ಹೊಸ ಮನೆ: ಗ್ರೌಟಿಂಗ್ ಡಿಸೈನ್ ಮಾಡುವ ಬಗೆ

ಗ್ಲಾಸ್ಗೋದಿಂದ ಎಡಿನ್‌ಬರೋಗೆ ರೈಲಿನಲ್ಲಿ ಹೋದರೆ ಕಿಟಕಿಯಾಚೆ ಕಾಣುವುದು ಹಸಿರು ಬಯಲು, ಕುರಿ, ಹೊಸ ಬಡಾವಣೆ. ಆ ಹಸಿರಿನ ಕೆಳಗೆ ಬಹಳ ಕಡೆ ಕಲ್ಲಿದ್ದಲು ತೋಡಿ ಬಿಟ್ಟ ಟೊಳ್ಳುಗಳಿವೆ. ಕೆಲವು ಹತ್ತು ಹನ್ನೆರಡು ಮೀಟರ್ ಆಳದಲ್ಲೇ ಇವೆ. ಅಂಥ ಜಾಗದಲ್ಲಿ ಮನೆ ಕಟ್ಟುವ ಮುಂಚೆ ತೂತು ಕೊರೆದು, ಸಿಮೆಂಟು ಮತ್ತು ಹಾರುಬೂದಿ (ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿಸಿ ಉಳಿದ ನುಣುಪು ಬೂದಿ) ಕಲಸಿದ ನೀರುಗಾರೆಯನ್ನು ಒಳಗೆ ತಳ್ಳಿ ಟೊಳ್ಳು ತುಂಬುತ್ತಾರೆ. ಅದೇ ಗ್ರೌಟಿಂಗ್.

ಸಿವಿಲ್ ಓದಿ ಇಲ್ಲಿಗೆ ಬಂದ ನಮ್ಮ ಹುಡುಗರು ಈ ಕೆಲಸ ಮೊದಲ ಸಲ ಕೈಗೆ ಬಂದಾಗ ನಕ್ಷೆಯ ಮೇಲೆ ಚುಕ್ಕಿ ಇಡಲು ಶುರು ಮಾಡುತ್ತಾರೆ. ರಂಗೋಲಿ ಹಾಕಿದ ಹಾಗೆ. ನಾನೂ ಹಾಗೇ ಮಾಡಿದ್ದೆ. ಚುಕ್ಕಿ ಇಡುವುದು ಅರ್ಧ ಗಂಟೆಯ ಕೆಲಸ. ಯಾವ ತೂತಿಗೆ ಎಷ್ಟು ಸುರಿದ ಮೇಲೆ ನಿಲ್ಲಿಸಬೇಕು, ನಿಲ್ಲಿಸಿದ್ದು ಸರಿ ಎಂದು ಹೇಗೆ ತಿಳಿಯಬೇಕು ಎಂದು ಮೊದಲೇ ಬರೆದಿಡುವುದೇ ನಿಜವಾದ ಡಿಸೈನ್. ಬ್ರಿಟನ್ನಿನ ಕಲ್ಲಿದ್ದಲು ಸೀಮೆಯಲ್ಲಿ ಅದನ್ನು ಹೇಗೆ ಮಾಡುತ್ತಾರೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಕಾಗದ

ಭೂವಿಜ್ಞಾನ ನಕ್ಷೆ, ಹಳೆಯ ಊರ ನಕ್ಷೆಗಳು, ಗಣಿ ಮುಚ್ಚಿದಾಗ ಸಲ್ಲಿಸಿದ ಪ್ಲಾನ್, ಹಳೆಯ ಬೋರ್ ದಾಖಲೆ. ಇಷ್ಟನ್ನೂ ಒಂದೇ ಅಳತೆಗೆ ತಂದು ಒಂದರ ಮೇಲೊಂದು ಇಟ್ಟು ನೋಡಿ. ಮುಚ್ಚಿದ ಗಣಿಯ ಪ್ಲಾನ್ ಸರ್ಕಾರಕ್ಕೆ ಕೊಡಲೇಬೇಕು ಎಂಬ ಕಾನೂನು ಬಂದದ್ದು 1872ರಲ್ಲಿ. ಅದಕ್ಕೂ ಮುಂಚೆ ತೋಡಿದ್ದಕ್ಕೆ ಬಹುಪಾಲು ಲೆಕ್ಕವೇ ಇಲ್ಲ. ತೊಂದರೆ ಏನೆಂದರೆ, ಮೇಲ್ಮೈಗೆ ಹತ್ತಿರದ ಕಲ್ಲಿದ್ದಲನ್ನೇ ಜನ ಮೊದಲು ತೋಡಿದ್ದು. ಅಂದರೆ ನಮಗೆ ಜಾಸ್ತಿ ಅಪಾಯ ತರುವ ಗಣಿಗೇ ದಾಖಲೆ ಕಡಿಮೆ. ಆದ್ದರಿಂದ ಪ್ಲಾನ್‌ನಲ್ಲಿ ಗಣಿ ತೋರಿಸಿಲ್ಲ ಎಂದು ನಿಟ್ಟುಸಿರು ಬಿಡಬೇಡಿ. ಆಳವಿಲ್ಲದ ಕಡೆ ಒಳ್ಳೆಯ ಕಲ್ಲಿದ್ದಲು ಪದರ ಇದ್ದರೆ, ಅದನ್ನು ಯಾರೋ ತೋಡಿದ್ದಾರೆ ಎಂದೇ ಇಟ್ಟುಕೊಳ್ಳಿ.

ಈ ದಾಖಲೆಗಳೆಲ್ಲ ಇರುವುದು ಮ್ಯಾನ್ಸ್‌ಫೀಲ್ಡ್ ಊರಿನ ಮೈನಿಂಗ್ ರಿಮೀಡಿಯೇಶನ್ ಅಥಾರಿಟಿ ಹತ್ತಿರ. 2024ರವರೆಗೆ ಇದರ ಹೆಸರು ಕೋಲ್ ಅಥಾರಿಟಿ. ಕಲ್ಲಿದ್ದಲು ಪದರಕ್ಕೆ ಅಥವಾ ಹಳೆಯ ಗಣಿಗೆ ತೂತು ಕೊರೆಯಲು ಇವರ ಅನುಮತಿ ಬೇಕು. ಕೊರೆಯುವುದಕ್ಕೆ ಒಂದು, ತುಂಬುವುದಕ್ಕೆ ಇನ್ನೊಂದು ಅರ್ಜಿ. ಎರಡಕ್ಕೂ ಸಮಯ ಇಟ್ಟುಕೊಂಡೇ ಕೆಲಸದ ವೇಳಾಪಟ್ಟಿ ಬರೆಯಿರಿ.

ಅಪಾಯ ಎಷ್ಟು, ಲೆಕ್ಕ ಹಾಕಿ

ಹಳೆಯ ಕಾಲದಲ್ಲಿ ಕಲ್ಲಿದ್ದಲನ್ನು ಪೂರ್ತಿ ತೆಗೆಯುತ್ತಿರಲಿಲ್ಲ. ಮೇಲಿನ ಬಂಡೆ ಬೀಳದಿರಲಿ ಎಂದು ನಡುನಡುವೆ ಕಲ್ಲಿದ್ದಲಿನದ್ದೇ ಕಂಬ ಬಿಟ್ಟು, ಸುತ್ತಲಿನದನ್ನು ತೋಡುತ್ತಿದ್ದರು. ಸ್ಕಾಟ್ಲೆಂಡಿನಲ್ಲಿ ಇದಕ್ಕೆ ಸ್ಟೂಪ್ ಅಂಡ್ ರೂಮ್ ಎನ್ನುತ್ತಾರೆ. ಎಷ್ಟೋ ವರ್ಷ ಕಳೆದ ಮೇಲೆ ಕೋಣೆಯ ಸೂರು ಸ್ವಲ್ಪ ಸ್ವಲ್ಪವೇ ಕಳಚಿ ಬೀಳುತ್ತದೆ. ಬಿದ್ದಷ್ಟೂ ಟೊಳ್ಳು ಮೇಲಕ್ಕೆ ಏರುತ್ತದೆ. ಒಂದು ದಿನ ಯಾರದೋ ಹಿತ್ತಿಲಲ್ಲಿ ಗುಂಡಿ ಬೀಳುತ್ತದೆ.

ಎಲ್ಲ ಟೊಳ್ಳೂ ಮೇಲೆ ಬರುವುದಿಲ್ಲ. ಮನೆ ಗೋಡೆ ಕೆಡವಿದವರಿಗೆ ಕಾರಣ ಗೊತ್ತು. ಗೋಡೆ ನಿಂತಿದ್ದಾಗ ಹಿಡಿದ ಜಾಗಕ್ಕಿಂತ ಒಡೆದ ಇಟ್ಟಿಗೆ ರಾಶಿ ಜಾಸ್ತಿ ಜಾಗ ಹಿಡಿಯುತ್ತದೆ, ಅಲ್ವಾ? ಬಂಡೆಯೂ ಹಾಗೆಯೇ. ಬಿದ್ದ ಕಲ್ಲು ಉಬ್ಬಿ ಉಬ್ಬಿ ಕೊನೆಗೆ ಟೊಳ್ಳನ್ನು ತಾನೇ ತುಂಬುತ್ತದೆ. ಕುಸಿತ ಅಲ್ಲಿಗೆ ನಿಲ್ಲುತ್ತದೆ.

ಲೆಕ್ಕ ಸುಲಭ. ತೋಡಿದ ಎತ್ತರವನ್ನು ಉಬ್ಬುವ ಪ್ರಮಾಣದಿಂದ ಭಾಗಿಸಿ. ಪದರ 1.5 ಮೀಟರ್, ಕಲ್ಲು ಶೇ. 20 ಉಬ್ಬಿದರೆ ಕುಸಿತ 7.5 ಮೀಟರ್ ಏರಿ ನಿಲ್ಲುತ್ತದೆ. ಶೇ. 10 ಮಾತ್ರ ಉಬ್ಬಿದರೆ 15 ಮೀಟರ್ ಏರುತ್ತದೆ. ಪದರದ ದಪ್ಪದ ಹತ್ತು ಪಟ್ಟು ಬಂಡೆ ಮೇಲೆ ಇದ್ದರೆ ಸಾಕು ಎಂಬ ಹಳೆಯ ನಿಯಮದ ಹಿಂದಿನ ಲೆಕ್ಕವೂ ಇದೇ.

ಈ ನಿಯಮ ಬಳಸುವಾಗ ಜನ ಎಡವುವುದು ಎರಡು ಕಡೆ. ಒಂದು, ಹತ್ತು ಪಟ್ಟು ಎಂದರೆ ಗಟ್ಟಿ ಬಂಡೆ. ಅದರ ಮೇಲಿನ ಜೇಡಿ, ಮರಳು, ತುಂಬಿದ ಮಣ್ಣು ಲೆಕ್ಕಕ್ಕಿಲ್ಲ. ಇನ್ನೊಂದು, ಒಳಗೆ ನೀರು ಹರಿಯುತ್ತಿದ್ದರೆ ಬಿದ್ದ ಪುಡಿ ಕೊಚ್ಚಿಹೋಗುತ್ತದೆ, ಟೊಳ್ಳು ತುಂಬುವುದೇ ಇಲ್ಲ. ಎರಡು ಓಣಿ ಕೂಡುವ ಜಾಗದಲ್ಲಿ ಸೂರು ಅಗಲ, ಅಲ್ಲಿಯೂ ಕುಸಿತ ಜಾಸ್ತಿ ಏರುತ್ತದೆ. ಒಂದರ ಕೆಳಗೊಂದು ಎರಡು ಪದರ ತೋಡಿದ್ದರಂತೂ ಸುಮ್ನೆ ಹತ್ತರಿಂದ ಗುಣಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ.

ಮುಂದಿನ ಮಾತಿಗೆಲ್ಲ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಜಾಗ 30 ಮೀಟರ್‌ಗೆ 40 ಮೀಟರ್. ಮೇಲೆ 4 ಮೀಟರ್ ಮಣ್ಣು, ಆಮೇಲೆ 8 ಮೀಟರ್ ಬಂಡೆ, ಅದರ ಕೆಳಗೆ 1.5 ಮೀಟರ್ ಪದರ. ಎಂಟನ್ನು ಒಂದೂವರೆಯಿಂದ ಭಾಗಿಸಿದರೆ ಐದು ಚಿಲ್ಲರೆ. ಹತ್ತಕ್ಕಿಂತ ಬಹಳ ಕಡಿಮೆ. ಇಲ್ಲಿ ಏನಾದರೂ ಮಾಡಲೇಬೇಕು.

ಕೊರೆದು ನೋಡುವುದು

ಊಹೆಯನ್ನು ಪರೀಕ್ಷಿಸಲು ತೂತು ಬೇಕು. ಡ್ರಿಲ್ಲರ್ ಹೇಳುವುದನ್ನು ಕಿವಿಗೊಟ್ಟು ಕೇಳಿ. ರಾಡ್ ಥಟ್ಟನೆ ಇಳಿದರೆ ತೆರೆದ ಟೊಳ್ಳು. ಕಳಿಸಿದ ನೀರು ವಾಪಸ್ ಬರದಿದ್ದರೆ ಬಿರುಕು ಅಥವಾ ಕುಸಿದ ಕಲ್ಲು. ಕಪ್ಪು ನೀರು ಬಂದು ರಾಡ್ ಒಂದೇ ಸಮನೆ ಇಳಿದರೆ ತೋಡದ ಕಲ್ಲಿದ್ದಲು. ಯಾವ ಆಳದಲ್ಲಿ ಏನಾಯಿತು ಎಂದು ಅಲ್ಲೇ ನಿಂತು ಬರೆಸಿಕೊಳ್ಳಿ. ಸಂಜೆ ಟೀ ಕುಡಿಯುತ್ತಾ ನೆನಪಿನಿಂದ ಬರೆದ ಲಾಗ್ ಕೆಲಸಕ್ಕೆ ಬಾರದು. ತೂತಿನೊಳಗೆ ಕ್ಯಾಮೆರಾ ಇಳಿಸಿ ನೋಡುವುದು ಒಳ್ಳೆಯದು. ಒಳಗೆ ಕಲಕಿದ ನೀರು ತುಂಬಿದ್ದರೆ ಸೋನಾರ್, ಅಂದರೆ ಸದ್ದಿನ ಅಲೆಯಿಂದ ಟೊಳ್ಳು ಅಳೆಯುವ ಸಾಧನ, ಇಳಿಸಬೇಕು.

ಒಂದು ತೂತಿನಲ್ಲಿ ಗಟ್ಟಿ ಕಲ್ಲಿದ್ದಲು ಸಿಕ್ಕಿತು ಎಂದರೆ ಗಣಿ ಇಲ್ಲ ಎಂದಲ್ಲ. ನೀವು ಸರಿಯಾಗಿ ಕಂಬದ ನೆತ್ತಿಗೇ ಕೊರೆದಿರಬಹುದು. ಪಕ್ಕದಲ್ಲೇ ಒಂದೆರಡು ತೂತು ಹಾಕಿ. ದೂರವನ್ನು ಸಮವಾಗಿ ಇಡಬೇಡಿ. ಕಂಬಗಳ ಅಂತರ ಮತ್ತು ನಿಮ್ಮ ತೂತುಗಳ ಅಂತರ ಒಂದೇ ಆಗಿಬಿಟ್ಟರೆ ಎಲ್ಲ ತೂತಿಗೂ ಕಂಬವೇ ಸಿಗುತ್ತದೆ.

ನಮ್ಮ ಕಡೆ ಬೋರ್‌ವೆಲ್ ಲಾರಿ ಬಂದರೆ ಬೀದಿಯಿಡೀ ಧೂಳು ಏಳುತ್ತದೆ. ಗಾಳಿ ಊದಿ ಕೊರೆಯುವ ಆ ವಿಧಾನ ಇಲ್ಲಿ ಅಪಾಯ. ಹಳೆಯ ಗಣಿಯಲ್ಲಿ ಮೀಥೇನ್, ಕಾರ್ಬನ್ ಡೈಆಕ್ಸೈಡ್, ಆಮ್ಲಜನಕ ಇಲ್ಲದ ಸತ್ತ ಗಾಳಿ ನಿಂತಿರುತ್ತದೆ. ಮೇಲಿನಿಂದ ಗಾಳಿ ಊದಿದರೆ ಅದು ಬಿರುಕು ಹಿಡಿದು ಪಕ್ಕದ ಮನೆಯ ನೆಲದಡಿಗೆ ಹೋಗಬಹುದು. ಆದ್ದರಿಂದ ನೀರು ಬಳಸಿ ಕೊರೆಯಿರಿ. ತೂತಿನ ಬಾಯಲ್ಲಿ ಅನಿಲ ಅಳೆಯುವ ಮೀಟರ್ ಇರಲಿ. ಹತ್ತಿರ ಮನೆಗಳಿದ್ದರೆ ಅಲ್ಲಿಯೂ ಇಡಿ. ಮನೆಯವರಿಗೆ ಮೊದಲೇ ಹೋಗಿ ವಿಷಯ ಹೇಳಿ. ಮೀಟರ್ ಕೂಗಿದ ಮೇಲೆ ಬಾಗಿಲು ತಟ್ಟಿದರೆ ಯಾರೂ ನಗುಮುಖದಿಂದ ತೆರೆಯುವುದಿಲ್ಲ.

ಗ್ರೌಟಿಂಗೇ ಬೇಕಾ?

ಪದರ ನಾಲ್ಕೈದು ಮೀಟರ್‌ನಲ್ಲೇ ಇದ್ದರೆ ಪೂರ್ತಿ ಅಗೆದು ತೆಗೆದು, ಮಣ್ಣು ಪದರ ಪದರವಾಗಿ ರೋಲರ್ ಹೊಡೆದು ತುಂಬುವುದು ಅಗ್ಗ. ಕಣ್ಣಾರೆ ಕಂಡ ನೆಲದ ಮೇಲೆ ಕಟ್ಟಬಹುದು. ಜಾಗ ದೊಡ್ಡದಿದ್ದರೆ ಕಟ್ಟಡವನ್ನೇ ಆಚೆ ಸರಿಸಿ, ಗಣಿಯ ಮೇಲೆ ಪಾರ್ಕ್ ಮಾಡಬಹುದು. ಆರ್ಕಿಟೆಕ್ಟ್ ಮುಖ ಸಣ್ಣದು ಮಾಡುತ್ತಾರೆ, ಆದರೂ ಒಮ್ಮೆ ಕೇಳಿ ನೋಡಿ.

ಎಲ್ಲಿಯವರೆಗೆ ತುಂಬಬೇಕು

ಕಟ್ಟಡದ ಗೆರೆಗೆ ಸರಿಯಾಗಿ ನಿಲ್ಲಿಸಬಾರದು. ಆಚೆ ಬಿದ್ದ ಗುಂಡಿ ಅಗಲವಾಗುತ್ತಾ ಈಚೆ ಬರುತ್ತದೆ. ಸಡಿಲ ಮಣ್ಣಿನಲ್ಲಿ ಗುಂಡಿಯ ಅಂಚು ಸುಮಾರು 45 ಡಿಗ್ರಿಯಲ್ಲಿ ಜಾರುತ್ತದೆ ಎಂದು ಹಿಡಿಯುತ್ತಾರೆ. ನಮ್ಮ ಉದಾಹರಣೆಯಲ್ಲಿ 4 ಮೀಟರ್ ಮಣ್ಣಿದೆ. ಅಡಿಪಾಯದ ಹೊರ ಅಂಚಿನಿಂದ ಮಣ್ಣಿಗಾಗಿಯೇ 4 ಮೀಟರ್ ಆಚೆ ಹೋಗಬೇಕು. ಬಂಡೆಯೊಳಗೆ ಗೆರೆ ಇನ್ನೂ ನೆಟ್ಟಗಿರುತ್ತದೆ, ಅದಕ್ಕೆ ಇನ್ನಷ್ಟು ಸೇರಿಸಿ. ನಾನು ಹೇಳಿದ 30ಕ್ಕೆ 40ರಲ್ಲಿ ಇದೆಲ್ಲ ಸೇರಿದೆ ಎಂದುಕೊಳ್ಳಿ.

ಮಿಶ್ರಣ

ಇಲ್ಲಿ ಕಾಂಕ್ರೀಟಿನ ಬಲ ಬೇಡ. ಸುತ್ತಲಿನ ಒಡೆದ ಬಂಡೆಯಷ್ಟು ಗಟ್ಟಿಯಾದರೆ ಸಾಕು. 28 ದಿನಕ್ಕೆ ಚದರ ಮಿಲಿಮೀಟರಿಗೆ 1 ನ್ಯೂಟನ್ ಬಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅದಕ್ಕೆ ತೂಕದಲ್ಲಿ ಹತ್ತು ಅಥವಾ ಹನ್ನೆರಡು ಪಾಲು ಹಾರುಬೂದಿಗೆ ಒಂದು ಪಾಲು ಸಿಮೆಂಟು. ಬೂದಿಯ ಕಣ ಗುಂಡಗಿರುವುದರಿಂದ ಗ್ರೌಟ್ ಸಲೀಸಾಗಿ ಹರಿಯುತ್ತದೆ. ತೆಳು ದೋಸೆ ಹಿಟ್ಟಿನ ಹದ. ನೀರು ಜಾಸ್ತಿಯಾದರೆ ಹರಿಯುವುದೇನೋ ಚೆನ್ನಾಗಿ ಹರಿಯುತ್ತದೆ, ಆದರೆ ಬೂದಿ ತಳಕ್ಕೆ ಕೂತು ಮೇಲೆ ನೀರು ನಿಲ್ಲುತ್ತದೆ. ಆ ನೀರು ಇಳಿದುಹೋದರೆ ಸೂರಿನ ಕೆಳಗೆ ಮತ್ತೆ ಸಂದು. ಆದ್ದರಿಂದ ಹರಿವಿನ ಪರೀಕ್ಷೆ, ನೀರು ಬಿಡುವ ಪರೀಕ್ಷೆ, ಗಟ್ಟಿತನ ನೋಡುವ ಕ್ಯೂಬ್ ಪರೀಕ್ಷೆ ಮೂರನ್ನೂ ದಿನಾ ಮಾಡಿಸಿ.

ಬೂದಿ ಎಲ್ಲಿಂದ ಎಂಬ ಪ್ರಶ್ನೆ ಮೊದಲು ಇರಲಿಲ್ಲ, ಈಗ ಇದೆ. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ, ರ್ಯಾಟ್‌ಕ್ಲಿಫ್ ಆನ್ ಸೋರ್, 2024ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಇನ್ನು ಹಳೆಯ ರಾಶಿಯಿಂದ ಅಗೆದು ತರಬೇಕು, ಇಲ್ಲವೇ ಬೇರೆ ದೇಶದಿಂದ ತರಿಸಬೇಕು. ರಾಯಚೂರಿನ ಶಕ್ತಿನಗರದ ಬೂದಿ ರಾಶಿ ನೋಡಿದವರಿಗೆ ಇದು ವಿಚಿತ್ರ ಅನ್ನಿಸೀತು. ಡಿಸೈನ್ ಮಾಡುವ ಮುಂಚೆಯೇ ಬೂದಿ ಕೊಡುವವರನ್ನು ವಿಚಾರಿಸಿ. ರಾಶಿಯಿಂದ ಅಗೆದ ಬೂದಿಯಲ್ಲಿ ತೇವ ದಿನಕ್ಕೊಂದು ಥರ ಇರುತ್ತದೆ. ನೀರಿನ ಅಳತೆ ಅದಕ್ಕೆ ತಕ್ಕಂತೆ ಬದಲಾಗಬೇಕು. ಬೂದಿಯಿಂದ ಏನೇನು ನೀರಿಗೆ ಇಳಿಯುತ್ತದೆ ಎಂಬುದನ್ನೂ ಪರಿಸರ ಇಲಾಖೆಯವರು ಕೇಳುತ್ತಾರೆ. ಸ್ಕಾಟ್ಲೆಂಡಿನಲ್ಲಾದರೆ ಸೀಪಾ. ಹತ್ತಿರದಲ್ಲಿ ಬಾವಿ, ಹಳ್ಳ ಇದ್ದರೆ ಉತ್ತರ ಸಿದ್ಧವಿರಲಿ.

ಎಲ್ಲ ಗಣಿಗೂ ಇದೇ ಮಿಶ್ರಣ ಆಗುವುದಿಲ್ಲ. ಇಂಗ್ಲೆಂಡಿನ ಬಾತ್ ನಗರದ ಕೂಂಬ್ ಡೌನ್‌ನಲ್ಲಿ ಕಟ್ಟಡದ ಕಲ್ಲು ತೆಗೆದ ದೊಡ್ಡ ದೊಡ್ಡ ಕೋಣೆಗಳಿದ್ದವು. ಮೇಲೆ ಊರೇ ಇತ್ತು. ಅಲ್ಲಿ ಸುಮಾರು 6 ಲಕ್ಷ ಘನ ಮೀಟರ್ ನೊರೆ ಕಾಂಕ್ರೀಟ್ ತುಂಬಿದರು. ಒಳಗೆ ಬಾವಲಿಗಳಿದ್ದವು ಎಂದು ಅವುಗಳಿಗೆ ಜಾಗ ಬಿಟ್ಟು ತುಂಬಿದರು. ಚೆಷೈರ್‌ನ ನಾರ್ಥ್‌ವಿಚ್‌ನಲ್ಲಿ ಉಪ್ಪಿನ ಗಣಿ. ಸಾದಾ ನೀರು ಹಾಕಿದರೆ ಉಪ್ಪಿನ ಕಂಬವೇ ಕರಗುತ್ತದೆ, ಹಾಗಾಗಿ ಉಪ್ಪುನೀರಿನಲ್ಲೇ ಗ್ರೌಟ್ ಕಲಸಿದರು.

ಸುತ್ತ ಅಡ್ಡಗಟ್ಟಿ, ಆಮೇಲೆ ಒಳಗೆ

ನಿಮ್ಮ ಸೈಟಿನ ಗೆರೆ ಗಣಿಗೆ ಗೊತ್ತಿಲ್ಲ. ಗ್ರೌಟ್ ಇಳಿಜಾರು ಹಿಡಿದು ಪಕ್ಕದವರ ಜಮೀನಿನ ಕೆಳಗೂ ಹರಿಯುತ್ತದೆ. ದುಡ್ಡು ಮಾತ್ರ ನಿಮ್ಮದು. ಅದಕ್ಕೇ ಮೊದಲು ಅಂಚಿನುದ್ದಕ್ಕೂ 1.5 ಮೀಟರಿಗೊಂದರಂತೆ ತೂತು ಕೊರೆದು, ಸಣ್ಣ ಜಲ್ಲಿ ಸುರಿದು ಅಥವಾ ಮರಳು ಬೆರೆಸಿದ ಗಟ್ಟಿ ಗ್ರೌಟ್ ಹಾಕಿ ಒಡ್ಡು ಕಟ್ಟಬೇಕು. ಗದ್ದೆಗೆ ಬದು ಕಟ್ಟಿ ನೀರು ಬಿಟ್ಟ ಹಾಗೆ. ಪದರ ಇಳಿಯುವ ಕಡೆಯ ಒಡ್ಡಿನ ಮೇಲೆ ಜಾಸ್ತಿ ಗಮನ ಇರಲಿ.

ಒಳಗೆ ಮೊದಲ ಸುತ್ತು 6 ಮೀಟರ್ ಅಂತರದಲ್ಲಿ, ಎರಡನೇ ಸುತ್ತು ಅವುಗಳ ನಡುವೆ. ಕಟ್ಟಡದ ಕೆಳಗೆ ಕೊನೆಗೆ 3 ಮೀಟರ್ ಅಂತರ ಬರುತ್ತದೆ. ನಮ್ಮ 1,200 ಚದರ ಮೀಟರಿಗೆ ಮೊದಲ ಸುತ್ತಿನಲ್ಲಿ 33ರಷ್ಟು ತೂತು, ಎರಡೂ ಸೇರಿ 133ರಷ್ಟು. ಪದರದ ತಳಕ್ಕಿಂತ 1 ಮೀಟರ್ ಕೆಳಗೆ, ಅಂದರೆ 14.5 ಮೀಟರ್ ಕೊರೆದರೆ ಒಟ್ಟು ಸುಮಾರು 1,930 ಮೀಟರ್. ತಗ್ಗಿನ ಕಡೆಯಿಂದ ಶುರು ಮಾಡಿ ಏರು ಕಡೆಗೆ ಬನ್ನಿ. ಒಳಗಿನ ನೀರಿಗೂ ಗಾಳಿಗೂ ಹೊರಡಲು ದಾರಿ ಬೇಕು. ಉಲ್ಟಾ ಮಾಡಿದರೆ ನೀರನ್ನು ಮೂಲೆಗೆ ಒತ್ತಿ ಕೂಡಿಹಾಕಿದ ಹಾಗಾಗುತ್ತದೆ. ಮಣ್ಣಿನ ಭಾಗಕ್ಕೆ ಕೇಸಿಂಗ್ (ತೂತು ಕುಸಿಯದಂತೆ ತಡೆಯುವ ಕೊಳವೆ) ಹಾಕಿ, ಬಂಡೆಯ ತಲೆಯಲ್ಲಿ ಸೀಲ್ ಮಾಡಿ. ಇಲ್ಲದಿದ್ದರೆ ಗ್ರೌಟ್ ಪೈಪಿನ ಪಕ್ಕದಿಂದಲೇ ಮೇಲೆ ಬರುತ್ತದೆ. ಪೈಪನ್ನು ತಳಕ್ಕೆ ಇಳಿಸಿ, ತುಂಬುತ್ತಾ ತುಂಬುತ್ತಾ ಮೇಲೆತ್ತಬೇಕು. ಪದರ ಒಂದನ್ನೇ ಅಲ್ಲ, ಅದರ ಮೇಲಿನ ಒಡೆದ ಬಂಡೆಯನ್ನೂ ತುಂಬಬೇಕು.

ಯಾವಾಗ ನಿಲ್ಲಿಸಬೇಕು

ಒಂದು ಸೈಟಿನಲ್ಲಿ ಒಂದೇ ತೂತು ಬೆಳಗ್ಗಿನಿಂದ ಸಂಜೆವರೆಗೆ ಗ್ರೌಟ್ ಕುಡಿಯಿತು. ಒತ್ತಡದ ಗೇಜಿನ ಮುಳ್ಳು ಅಲುಗಲೇ ಇಲ್ಲ. ಟೊಳ್ಳು ದೊಡ್ಡದು, ತುಂಬುತ್ತಿದೆ ಎಂದು ನಾವೂ ಖುಷಿಯಾಗಿದ್ದೆವು. ಮರುದಿನ ಬೆಳಗ್ಗೆ ಸ್ವಲ್ಪ ದೂರದ ಹಳ್ಳ ಬೂದು ಬಣ್ಣಕ್ಕೆ ತಿರುಗಿತ್ತು. ಗಣಿಯ ನೀರು ಹೊರಗೆ ಬಿಡಲು ಹಿಂದಿನವರು ತೋಡಿದ್ದ ಕಾಲುವೆಗೆ ನಮ್ಮ ಗ್ರೌಟ್ ದಾರಿ ಹುಡುಕಿಕೊಂಡಿತ್ತು. ಕಂಟ್ರಾಕ್ಟರ್ ತಪ್ಪೇನೂ ಇರಲಿಲ್ಲ. ಒಂದು ತೂತಿಗೆ ಒಂದು ಸಲಕ್ಕೆ ಇಷ್ಟೇ ಎಂದು ನಾನು ಬರೆದಿರಲಿಲ್ಲ.

ಈಗ ನಾಲ್ಕು ಸಂದರ್ಭ ಬರೆಯದೆ ಡ್ರಾಯಿಂಗ್ ಹೊರಗೆ ಕಳಿಸುವುದಿಲ್ಲ. ಮೊದಲನೆಯದು ಒತ್ತಡ. ಆಳದ ಒಂದೊಂದು ಮೀಟರಿಗೆ 10 ಕಿಲೋಪಾಸ್ಕಲ್ ಎಂಬುದು ರೂಢಿಯ ಮಿತಿ. 12 ಮೀಟರಿಗೆ 120, ಅಂದರೆ 1.2 ಬಾರ್. ಒತ್ತಡ ಆ ಮಿತಿಗೆ ಬಂದು, ಗ್ರೌಟ್ ಇಷ್ಟು ನಿಮಿಷ ಇಷ್ಟು ಲೀಟರಿಗಿಂತ ಕಡಿಮೆ ಹೋಗುತ್ತಿದ್ದರೆ ತೂತು ತುಂಬಿತು. ಆ ನಿಮಿಷ, ಆ ಲೀಟರ್ ಎರಡನ್ನೂ ಅಂಕಿಯಲ್ಲೇ ಬರೆಯಿರಿ. ಒತ್ತಡ ಅಳೆಯುವುದು ಎಲ್ಲಿ ಎಂದೂ ಬರೆಯಿರಿ. ಮೇಲಿನ ಗೇಜ್ ತೋರಿಸುವುದರ ಜೊತೆಗೆ ಪೈಪಿನೊಳಗಿನ ಗ್ರೌಟಿನ ತೂಕವೂ ಕೆಳಗೆ ಒತ್ತುತ್ತಿರುತ್ತದೆ. ಮಿತಿ ಮೀರಿದರೆ ನೆಲವೇ ಏಳುತ್ತದೆ.

ಎರಡನೆಯದು ಒಂದು ಸಲದ ಗರಿಷ್ಠ ಪ್ರಮಾಣ. ಅಷ್ಟು ಹೋದ ಮೇಲೂ ಒತ್ತಡ ಏರದಿದ್ದರೆ ನಿಲ್ಲಿಸಿ, ರಾತ್ರಿ ಗಟ್ಟಿಯಾಗಲು ಬಿಟ್ಟು, ಮರುದಿನ ಅದೇ ತೂತಿಗೆ ಮತ್ತೆ ಬನ್ನಿ. ಎರಡು ಮೂರು ಸಲವಾದರೂ ಹಾಗೆಯೇ ಇದ್ದರೆ ಮಿಶ್ರಣಕ್ಕೆ ಮರಳು ಸೇರಿಸಿ. ಮೂರನೆಯದು, ಪಕ್ಕದ ತೂತಿನಿಂದ ಗ್ರೌಟ್ ಉಕ್ಕುವುದು. ಅದು ಒಳ್ಳೆಯ ಸುದ್ದಿ. ಆದರೆ ನೀರು ಬೆರೆತ ತೆಳು ಗ್ರೌಟ್ ಬಂದರೆ ತಕ್ಷಣ ಮುಚ್ಚಬೇಡಿ. ಗಟ್ಟಿ ಗ್ರೌಟ್ ಬರುವವರೆಗೆ ಬಿಟ್ಟು ಆಮೇಲೆ ಮುಚ್ಚಿ. ನಾಲ್ಕನೆಯದು, ನೆಲ ಏಳುವುದು, ಹಳ್ಳದ ಬಣ್ಣ ಬದಲಾಗುವುದು, ಅನಿಲದ ಮೀಟರ್ ಕೂಗುವುದು. ಆಗ ಯಾರನ್ನೂ ಕೇಳದೆ ಪಂಪ್ ನಿಲ್ಲಿಸುವ ಅಧಿಕಾರ ಪಂಪಿನವನಿಗೇ ಇರಬೇಕು.

ಪ್ರತಿ ತೂತಿನ ಲೆಕ್ಕವನ್ನು ಅದೇ ದಿನ ನಕ್ಷೆಯ ಮೇಲೆ ಬಣ್ಣ ಹಚ್ಚಿ ಗುರುತಿಸಿ. ಎರಡನೇ ಸುತ್ತಿನ ತೂತುಗಳು ಮೊದಲ ಸುತ್ತಿಗಿಂತ ಬಹಳ ಕಡಿಮೆ ಕುಡಿಯಬೇಕು. ಎಲ್ಲಾದರೂ ಅಷ್ಟೇ ಕುಡಿದರೆ ಅಲ್ಲಿ ಮೂರನೇ ಸುತ್ತು ಹಾಕಿ. ಹೀಗೆ ನೋಡಿದರೆ ಗ್ರೌಟ್ ಹಾಕುವ ಒಂದೊಂದು ತೂತೂ ಪರೀಕ್ಷೆಯ ತೂತೇ. ಡ್ರಿಲ್ಲರ್ ಲಾಗ್ ಅದಕ್ಕೂ ಬೇಕು.

ಎಷ್ಟು ಬೇಕಾದೀತು

1,200 ಚದರ ಮೀಟರ್, 1.5 ಮೀಟರ್ ದಪ್ಪ, ಶೇ. 60ರಷ್ಟು ತೋಡಿದ್ದಾರೆ ಎಂದುಕೊಂಡರೆ 1,080 ಘನ ಮೀಟರ್. ಸೂರು ಕುಸಿದಿದ್ದರೆ ಟೊಳ್ಳು ಕಡಿಮೆಯಾಗಿರುತ್ತದೆ ಎಂದು ಹಲವರು ಅರ್ಧ ಕಳೆಯುತ್ತಾರೆ. ಇದು ತಪ್ಪು ಲೆಕ್ಕ. ಮೇಲ್ಮೈ ತಗ್ಗದೆ ಒಳಗೆ ಮಾತ್ರ ಕುಸಿದಿದ್ದರೆ ಅಷ್ಟೂ ಟೊಳ್ಳು ಕಲ್ಲಿನ ಸಂದುಗಳಲ್ಲಿ ಹಂಚಿಹೋಗಿದೆ, ಅಷ್ಟೇ. ಗ್ರೌಟ್ ಹೋಗಲಾರದಷ್ಟು ಸಣ್ಣ ಸಂದುಗಳನ್ನು ಮಾತ್ರ ಕಳೆಯಬಹುದು. ಒಡ್ಡು ದಾಟಿ ಸೋರುವುದನ್ನು ಕೂಡಿಸಬೇಕು. ಕಂಟ್ರಾಕ್ಟನ್ನು ಒಟ್ಟು ಮೊತ್ತಕ್ಕೆ ಬರೆಯಬೇಡಿ. ಕೊರೆದ ಮೀಟರಿಗೆ ಇಷ್ಟು, ಹಾಕಿದ ಟನ್ನಿಗೆ ಇಷ್ಟು ಎಂದು ಬರೆಯಿರಿ. ಒಟ್ಟು ಮೊತ್ತವಾದರೆ ಬೇಗ ನಿಲ್ಲಿಸಿದಷ್ಟೂ ಲಾಭ, ಟನ್ ಲೆಕ್ಕವಾದರೆ ಸುರಿದಷ್ಟೂ ಲಾಭ. ಎರಡನೆಯದನ್ನು ನಿಮ್ಮ ನಿಲ್ಲಿಸುವ ನಿಯಮ ತಡೆಯುತ್ತದೆ. ಮೊದಲನೆಯದನ್ನು ತಡೆಯುವುದು ಕಷ್ಟ.

ಶಾಫ್ಟ್ ಸಿಕ್ಕರೆ

ಗಣಿಗೆ ಇಳಿಯುವ ಬಾವಿ ಬೇರೆಯೇ ಕೆಲಸ. ಅದರ ಮೇಲೆ ಕಟ್ಟುವ ಯೋಚನೆ ಬಿಟ್ಟುಬಿಡಿ. ಒಳಗೆ ಕೊರೆದು ಗ್ರೌಟ್ ತುಂಬಿ, ಬಂಡೆಯ ತಲೆಯ ಮೇಲೆ ಶಾಫ್ಟಿನ ಅಗಲದ ಎರಡರಷ್ಟು ಅಗಲದ ಆರ್‌ಸಿಸಿ ಮುಚ್ಚಳ ಕೂರಿಸುತ್ತಾರೆ. ಹುಡುಕುವಾಗ ಡ್ರಿಲ್ ಯಂತ್ರ ಶಾಫ್ಟಿನ ಮೇಲೆಯೇ ನಿಲ್ಲದಂತೆ ನೋಡಿಕೊಳ್ಳಿ.

ಕೆಜಿಎಫ್‌ನಲ್ಲೂ ಇದೇ ಗ್ರಿಡ್ ಹಾಕಬಹುದಾ ಎಂದು ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ಆಗುವುದಿಲ್ಲ. ಕಲ್ಲಿದ್ದಲು ಚಾಪೆ ಹಾಸಿದ ಹಾಗೆ ಮಲಗಿರುತ್ತದೆ. ಕೋಲಾರದ ಚಿನ್ನದ ಪದರ ಕಡಿದಾಗಿ ನಿಂತಿದೆ, ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಗಿದೆ. 2001ರ ಫೆಬ್ರುವರಿ 28ಕ್ಕೆ ಅದು ಮುಚ್ಚಿತು. ನೆಟ್ಟಗೆ ಕೊರೆದ ತೂತು ಅಂಥ ಪದರವನ್ನು ತಪ್ಪಿಸಿಕೊಂಡೇ ಹೋಗಬಹುದು. ಸಿಕ್ಕರೂ ಸುರಿದ ಗ್ರೌಟ್ ಪಾತಾಳ ಸೇರುತ್ತದೆ. ಅಂಥ ಕಡೆ ಓರೆಯಾಗಿ ಕೊರೆದು, ಮೇಲ್ಮೈಗೆ ಹತ್ತಿರ ಎಷ್ಟು ದಪ್ಪ ಬಂಡೆ ಉಳಿದಿದೆ ಎಂದು ಮೊದಲು ನೋಡಬೇಕು. ಆಮೇಲೆ ಅಡ್ಡ ಬಿರಡೆ ಹಾಕಿ ಅದರ ಮೇಲಷ್ಟೇ ತುಂಬಬೇಕು. ಇಲ್ಲವೇ ಆ ಪಟ್ಟಿಯನ್ನು ಖಾಲಿ ಬಿಟ್ಟು ಕಟ್ಟಬೇಕು. ನನ್ನ ಮತ ಎರಡನೆಯದಕ್ಕೆ.

ತುಂಬಿದ ಮೇಲೆ

ಒಂದೆರಡು ವಾರ ಬಿಟ್ಟು, ಹಳೆಯ ತೂತುಗಳ ನಡುವೆ ಹೊಸದಾಗಿ ಕೊರೆದು ನೋಡಿ. ಜಾಸ್ತಿ ಕುಡಿದ ಜಾಗ, ಲಾಗ್ ಗೊಂದಲವಿರುವ ಜಾಗ, ಮನೆಯ ಮೂಲೆ ಬರುವ ಜಾಗ ಆರಿಸಿ. ಕಂಟ್ರಾಕ್ಟರ್ ತೋರಿಸಿದ ಕಡೆ ಅಲ್ಲ. ನೀರು ವಾಪಸ್ ಬರಬೇಕು, ರಾಡ್ ಎಲ್ಲೂ ಬೀಳಬಾರದು, ಮತ್ತೆ ಗ್ರೌಟ್ ತಳ್ಳಿದರೆ ತೂತು ತುಂಬುವಷ್ಟೇ ಹೋಗಬೇಕು. ಕೆಲವಕ್ಕೆ ಕೋರ್, ಅಂದರೆ ಕಂಬಿಯಂಥ ಇಡೀ ಬಂಡೆ ತುಂಡು, ತೆಗೆಸಿ, ಕಲ್ಲಿನ ಸಂದಿನಲ್ಲಿ ಬೂದು ಗಾರೆ ಕಣ್ಣಿಗೆ ಕಾಣುತ್ತದೆ. ಒಂದು ತೂತು ಸೋತರೆ ಅದರ ಸುತ್ತ ಮತ್ತೆ ಕೊರೆಯಬೇಕು ಎಂದು ಮೊದಲೇ ಬರೆದಿರಿ. ಆಮೇಲೆ ತೂತಿನ ಜಾಗ, ಆಳ, ಹೋದ ಟನ್ನು, ಒತ್ತಡ ಎಲ್ಲ ಸೇರಿಸಿ ವರದಿ ಮಾಡಿ ಅಥಾರಿಟಿಗೆ ಕೊಡಿ.

ಗ್ರೌಟ್ ಆಯಿತು ಎಂದು ಸಾದಾ ಅಡಿಪಾಯ ಹಾಕಬೇಡಿ. ಅಲ್ಲೊಂದು ಇಲ್ಲೊಂದು ಸಣ್ಣ ಟೊಳ್ಳು ಉಳಿದೇ ಇರುತ್ತದೆ ಎಂದುಕೊಂಡು, ಅದರ ಮೇಲೆ ಸೇತುವೆಯಂತೆ ನಿಲ್ಲಬಲ್ಲ ಕಬ್ಬಿಣ ಹಾಕಿದ ರಾಫ್ಟ್, ಅಂದರೆ ಇಡೀ ಮನೆಯಡಿಯ ಒಂದೇ ಕಾಂಕ್ರೀಟ್ ಹಾಸು, ಇರಲಿ.

ಅನಿಲದ ವಿಷಯ ಇಲ್ಲಿಗೂ ಮುಗಿಯುವುದಿಲ್ಲ. ಎಡಿನ್‌ಬರೋ ಪಕ್ಕದ ಗೋರ್‌ಬ್ರಿಜ್‌ನಲ್ಲಿ 2013–14ರಲ್ಲಿ ಹೊಸ ಮನೆಗಳ ಜನ ಕಾಯಿಲೆ ಬಿದ್ದರು. ಹಳೆಯ ಗಣಿಯ ಕಾರ್ಬನ್ ಡೈಆಕ್ಸೈಡ್ ನೆಲದಿಂದ ಮನೆಯೊಳಗೆ ಬರುತ್ತಿತ್ತು. ಕೊನೆಗೆ 64 ಮನೆ ಕೆಡವಿದರು. ಟೊಳ್ಳು ತುಂಬಿದಾಗ ಅಲ್ಲಿದ್ದ ಗಾಳಿ ಬೇರೆ ದಾರಿ ಹುಡುಕುತ್ತದೆ. ಆದ್ದರಿಂದ ಗ್ರೌಟಿಂಗ್ ಮುಗಿದ ಮೇಲೂ ತಿಂಗಳುಗಟ್ಟಲೆ ಅನಿಲ ಅಳೆಯಿರಿ. ಗಾಳಿಯ ಒತ್ತಡ ಇಳಿದ ಮಳೆ ದಿನಗಳಲ್ಲಿ ತಪ್ಪದೆ ಅಳೆಯಿರಿ, ಅನಿಲ ಮೇಲೆ ಬರುವುದು ಆಗಲೇ. ನೆಲದಡಿ ಅನಿಲ ತಡೆಯುವ ಮೆಂಬ್ರೇನ್ ಹಾಕಿಸಿ. ಅದನ್ನು ಹಾಸಿದ ಮರುದಿನ ಪ್ಲಂಬರ್ ಬಂದು ಪೈಪು ತೂರಿಸಲು ಅದಕ್ಕೇ ತೂತು ಮಾಡಿ ಹೋಗುತ್ತಾನೆ. ಕಾಂಕ್ರೀಟ್ ಸುರಿಯುವ ದಿನ ಬೆಳಗ್ಗೆ ನೀವೇ ಹೋಗಿ, ಪ್ರತಿ ಪೈಪಿನ ಸುತ್ತಲ ಬೆಸುಗೆ ನೋಡಿ, ಫೋಟೊ ತೆಗೆದು, ಆಮೇಲೆ ಲಾರಿಗೆ ಫೋನ್ ಮಾಡಿ.